ಎದುರಾಡುವ ಫೋನು

ಎರಡು ವರ್ಷ ನಾನು ಫೋನಿನಲ್ಲಿ ಒಂದು ವಾದವನ್ನೂ ಸೋಲಲಿಲ್ಲ. ಅಲ್ಲಿಗೇ ನನಗೆ ಅನುಮಾನ ಬರಬೇಕಿತ್ತು.

ಎದುರಾಳಿ ಯಾರೋ ಸಾಧಾರಣದವರಾಗಿದ್ದರೆ ಬಿಡಿ. ನನ್ನ ಎದುರಾಳಿ ಕಲ್ಯಾಣದುರ್ಗದ ತಾತ, ಅಮ್ಮನ ಅಪ್ಪ. ಬ್ರಹ್ಮಸಮುದ್ರದ ದಾರಿಯಲ್ಲಿ ಕಡ್ಲೆಕಾಯಿ ಬೆಳೆದು, ಅದನ್ನು ಕಲ್ಯಾಣದುರ್ಗದ ವ್ಯಾಪಾರಸ್ಥರಿಗೆ ಮಾರಿ ಮಾರಿ ಹರಿತವಾದ ನಾಲಿಗೆ. ನಾನು ಅದೇ ಆಂಧ್ರದ ಗಡಿಯ ಹಿಂದೂಪುರದವಳು. ಕಾಲೇಜಿನ ಚರ್ಚಾಸ್ಪರ್ಧೆ ತಂಡದಲ್ಲಿ ಪಳಗಿ, ಪರಿಗಿಯ ಒಂದು ಶಾಲೆಯಲ್ಲಿ ಸಮಾಜ ಪಾಠ ಹೇಳುತ್ತಿದ್ದವಳು. ಆದರೆ ನನಗೆ ವಾದ ಕಲಿಸಿದ್ದು ಕಾಲೇಜಲ್ಲ. ಭಾನುವಾರ ಬೆಳಗಾದರೆ ಫೋನ್ ಮಾಡಿ, "ಏನಮ್ಮಿ, ಇವತ್ತು ಯಾತಕ್ಕೆ ಕಿತ್ತಾಡಾನ?" ಎಂದು ಕೇಳುತ್ತಿದ್ದ ತಾತ. ಬಸ್ಸಿನ ಕಿಟಕಿ ಸೀಟು ಮೊದಲು ಹತ್ತಿದವರದೋ, ವಯಸ್ಸಾದವರದೋ? ಮುದ್ದೆ ಉಣ್ಣುವಾಗ ಮಾತಾಡಬಹುದೋ, ಬಾರದೋ? ನಾನು ಯಾವ ಪಕ್ಷ ಹಿಡಿದರೂ ತಾತ ಎದುರು ಪಕ್ಷ. ಮುಂದಿನ ವಾರ ನಾನು ಪಕ್ಷ ಬದಲಿಸಿದರೆ ತಾತನೂ ಒಂಚೂರೂ ನಾಚಿಕೆಯಿಲ್ಲದೆ ಬದಲಿಸುತ್ತಿದ್ದ.

ಅಂಥ ಮನುಷ್ಯ ವಾರವಾರವೂ ಸೋಲತೊಡಗಿದ. ನಾನು ಬೀಗಿದೆ.

ಅದೇ ಕಾಲಕ್ಕೆ ಬೇರೆ ಪುರಾವೆಗಳೂ ಸೇರುತ್ತಿದ್ದವು. ಟಿವಿಯಲ್ಲಿ ಸುದ್ದಿ ಓದುವವರು ಗೊಣಗುತ್ತಿದ್ದರು. ಹಿಂದಿನ ಬೆಂಚಿನ ಮಕ್ಕಳು ಉತ್ತರ ನುಂಗುತ್ತಿದ್ದರು. ಫೋನಿನಲ್ಲಂತೂ ಮಾತುಗಳು ನೀರಲ್ಲಿ ನೆನೆದ ಹಪ್ಪಳದ ಹಾಗೆ ಬರುತ್ತಿದ್ದವು. ನಾನು ಟವರನ್ನು ಬೈದೆ. ಟವರನ್ನು ಬೈದರೆ ನಮ್ಮೂರಲ್ಲಿ ಒಪ್ಪದವರಿಲ್ಲ. ಹಾಗಾಗಿ ಆ ವಾದವೂ ಬಹಳ ದಿನ ಗೆದ್ದುಕೊಂಡೇ ಹೋಯಿತು. ಕೊನೆಗೆ ಅಮ್ಮ, "ಟವರ್ ನಿನ್ ಕಿವೀಲೇ ಬಿದ್ದೋಗಿರಂಗದೆ, ನಡಿ" ಎಂದು ಕೈಹಿಡಿದು ಕಿವಿ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು.

ಕಿವಿ ಡಾಕ್ಟರ ಕ್ಲಿನಿಕ್ಕಿನಲ್ಲಿ ರೋಗಿಗಳನ್ನು ಹೆಸರು ಕೂಗಿ ಕರೆಯುತ್ತಾರೆ. ಇದನ್ನು ಇನ್ನೊಮ್ಮೆ ಓದಿ. ಕಿವಿ ಕೇಳದೆ ಬಂದವರನ್ನು, ಮುಖಕ್ಕೆ ಮಾಸ್ಕ್ ಹಾಕಿಕೊಂಡ ನರ್ಸು, ಬಾಗಿಲ ಸಂದಿಯಿಂದ ಕೂಗಿ ಕರೆಯುತ್ತಾಳೆ. ಅಮ್ಮ ಟೀ ತರಲು ಹೋಗಿದ್ದಳು. ಪಕ್ಕದ ಕುರ್ಚಿಯಲ್ಲಿ ಪರಿಗಿ ಕಡೆಯ ಒಬ್ಬ ಅಜ್ಜಿ. ಆಕೆ ನನ್ನ ಮೊಣಕೈ ಹಿಡಿದು ಜೋರಾಗಿ ಅಂದಳು: "ನಿನ್ನೆಸ್ರು ಕೂಗುದ್ರೆ ನಾನ್ ಹೇಳ್ತೀನಿ ಕಣಮ್ಮ, ನನ್ನೆಸ್ರು ಕೂಗುದ್ರೆ ನೀನ್ ಹೇಳು."

ಒಳ್ಳೆಯ ಒಪ್ಪಂದ. ಇಬ್ಬರೂ ನೆಮ್ಮದಿಯಾಗಿ ಕೂತೆವು. ಅಜ್ಜಿ ತನ್ನ ಸೊಸೆಯ ಕಥೆ ಹೇಳಿದಳು, ನಾನು ತಲೆಯಾಡಿಸಿದೆ. ನಾನು ಶಾಲೆಯ ಕಥೆ ಹೇಳಿದೆ, ಅಜ್ಜಿ ತಲೆಯಾಡಿಸಿದಳು. ನರ್ಸು ಸೊಂಟಕ್ಕೆ ಕೈಯಿಟ್ಟು ನಮ್ಮ ಮುಂದೆ ಬಂದು ನಿಂತಾಗಲೇ ಗೊತ್ತಾದದ್ದು, ಇಬ್ಬರ ಹೆಸರೂ ಕೂಗಿ ಆಗಿಹೋಗಿತ್ತು. ಅಜ್ಜಿ ನನ್ನನ್ನು ನೋಡಿದಳು, ನಾನು ಅಜ್ಜಿಯನ್ನು ನೋಡಿದೆ. ಇಬ್ಬರಿಗೂ ತಡೆಯಲಾರದ ನಗು ಬಂತು. ಆ ಮಧ್ಯಾಹ್ನ ನನಗೆ ಸಿಕ್ಕ ಔಷಧ ಅದೊಂದೇ.

ಪರೀಕ್ಷೆಯ ಕೋಣೆಯಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿ, ಶಬ್ದ ಕೇಳಿದಾಗ ಗುಂಡಿ ಒತ್ತು ಅಂದರು. ಒತ್ತಿದೆ. ಆಮೇಲೆ ಬಹಳ ಹೊತ್ತು ಏನೂ ಬರಲಿಲ್ಲ. ಮುಗಿದ ಮೇಲೆ ಪರೀಕ್ಷೆ ಮಾಡಿದ ಹುಡುಗಿ ತಲೆ ಅಲ್ಲಾಡಿಸಿದಳು. ನಾನು ಬಿಡುವವಳಲ್ಲ. "ನೀವು ಶಬ್ದ ಹಾಕಿದ್ರಿ ಅನ್ನೋದಕ್ಕೆ ಸಾಕ್ಷಿ ಏನು? ನಿಮ್ಮ ಯಂತ್ರವೇ ಕೆಟ್ಟಿರಬಾರದ್ಯಾಕೆ?" ಎಂದೆ. ಆಕೆ ಹೆಡ್‌ಫೋನನ್ನು ಅಮ್ಮನ ತಲೆಗೆ ಹಾಕಿ, ಅದೇ ಪರೀಕ್ಷೆಯನ್ನು ಮೊದಲಿನಿಂದ ಓಡಿಸಿದಳು.

ಅಮ್ಮನಿಗೆ ಅದೊಂದು ಆಟ. ಟಕ್ ಅಂತ ಒತ್ತಿದಳು. ಟಕ್, ಟಕ್. ನನಗೆ ಏನೂ ಕೇಳಿಸದಿದ್ದ ಜಾಗದಲ್ಲೆಲ್ಲ ಅಮ್ಮನ ಬೆರಳು ಸಂಭ್ರಮದಿಂದ ಗುಂಡಿ ಒತ್ತುತ್ತಲೇ ಇತ್ತು. ಒತ್ತುತ್ತಾ ಒತ್ತುತ್ತಾ ನನ್ನ ಮುಖ ನೋಡಿದಳು. ಬೆರಳು ಅಲ್ಲೇ ನಿಂತಿತು. ಅದಕ್ಕಿಂತ ದೊಡ್ಡ ಸಾಕ್ಷಿಯನ್ನು ಯಾವ ವೇದಿಕೆಯಲ್ಲೂ ನಾನು ಕಂಡಿಲ್ಲ.

ಎರಡೂ ಕಿವಿಯ ನರ ಸೋತಿದೆ, ಹೋದದ್ದು ಬರುವುದಿಲ್ಲ, ಇದ್ದದ್ದು ಇದ್ದರೂ ಇರಬಹುದು ಎಂದರು ಡಾಕ್ಟರು. ಮನೆಗೆ ಬರುವಾಗ ಆಟೋದಲ್ಲಿ ನನಗೆ ಹೆದರಿಕೆಯಾಯಿತು. ನನ್ನ ಹತ್ತಿರ ಇದ್ದ ಒಂದೇ ಸಾಮರ್ಥ್ಯ ಮಾತು. ಮಾತಿನ ಅರ್ಧ ಭಾಗ ಕಿವಿ ಅನ್ನುವುದು ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಹುಣಸೆಹಣ್ಣಿನ ಮಂಡಿಯಲ್ಲಿ ಕೆಲಸ ಮಾಡುವ ಅಪ್ಪ ದಿನವಿಡೀ ಹರಾಜಿನ ಗದ್ದಲದಲ್ಲಿ ಇರುವವನು. ಸಂಜೆ ಬಂದು ವಿಷಯ ಕೇಳಿ, "ಅಷ್ಟೇನಾ? ಮಂಡೀಲಿ ಯಾರಿಗೂ ಏನೂ ಕೇಳ್ಸಲ್ಲ, ಯಾಪಾರ ನಿಂತೈತಾ?" ಅಂದ. ಆಮೇಲೆ ಹಿತ್ತಲಿಗೆ ಹೋಗಿ ಬಹಳ ಹೊತ್ತು ಮುಖ ತೊಳೆದುಕೊಂಡ.

ಕಿವಿಗೆ ಯಂತ್ರ ಬಂತು. ಮೊದಲ ದಿನ ಪಾತ್ರೆ ತೊಳೆಯುವ ಸದ್ದು ಕೇಳಿ ಬೆಚ್ಚಿಬಿದ್ದೆ. ಎದುರು ಕೂತವರ ಮಾತು ಹಿಡಿತಕ್ಕೆ ಸಿಕ್ಕಿತು, ತರಗತಿ ನಡೆಯಿತು. ಫೋನು ಮಾತ್ರ ಬಗ್ಗಲಿಲ್ಲ. ಮೊಬೈಲನ್ನು ಕಿವಿಯ ಹತ್ತಿರ ತಂದರೆ ಯಂತ್ರ ಸಿಳ್ಳೆ ಹೊಡೆಯುತ್ತಿತ್ತು. ಅದಕ್ಕೆ ಸಿಮ್ ಹಾಕುವ ಒಂದು ಟೇಬಲ್ ಫೋನು ತರಿಸಿದೆವು. ಮುಖದ ತುಂಬ ದೊಡ್ಡ ಅಂಕಿಗಳು, ಪಕ್ಕದಲ್ಲಿ ಧ್ವನಿ ಏರಿಸುವ ತಿರುಗಣೆ. ಪೂರ್ತಿ ತಿರುಗಿಸಿದರೆ ಕಲ್ಯಾಣದುರ್ಗದಲ್ಲಿ ತಾತ ಕೆಮ್ಮಿದರೆ ನಮ್ಮ ಬೀದಿಯ ನಾಯಿ ಎದ್ದು ನಿಲ್ಲುತ್ತಿತ್ತು.

ಆ ಭಾನುವಾರ ತಾತನ ಮಾತು ಬಹಳ ಕಾಲದ ಮೇಲೆ ಬಿಡಿಬಿಡಿಯಾಗಿ ಕೇಳಿಸಿತು. "ಹ್ಞೂ ಕಣಮ್ಮ." ನಾನು ಇನ್ನೊಂದು ಮಾತು ಹೇಳಿದೆ. "ಸರಿ ಕಣಮ್ಮ." ಮತ್ತೊಂದು. "ನೀನ್ ಹೇಳಿದ್ ಮೇಲೆ ಮುಗೀತು ಬುಡು."

ಇದೇನಿದು? ಸಂದೇಹ ಬಂದರೆ ಪ್ರಯೋಗ ಮಾಡಬೇಕು. ನಾನು ಗಂಭೀರವಾಗಿ ಹೇಳಿದೆ: "ತಾತ, ಕಡ್ಲೆಕಾಯಿ ಹೊಲ ಕಿತ್ತಾಕಿ ಕಾಫಿ ಗಿಡ ಹಾಕೋಣ."

ಬ್ರಹ್ಮಸಮುದ್ರದ ಬಿಸಿಲಲ್ಲಿ ಕಾಫಿ! ಹಳೆಯ ತಾತನಾಗಿದ್ದರೆ ಫೋನಿನೊಳಗಿಂದ ಕೈಹಾಕಿ ನನ್ನ ತಲೆಗೆ ಮೊಟಕುತ್ತಿದ್ದ. ಈ ತಾತ ಅಂದ: "ಹಾಕಾನ ಕಣಮ್ಮ."

ನನಗೆ ಅಳು ಬಂತು. ಕಿವಿ ಡಾಕ್ಟರ ಹತ್ತಿರ ಬರದ ಅಳು.

ಅಮ್ಮನನ್ನು ಹಿಡಿದು ಕೂರಿಸಿ ವಿಚಾರಣೆ ನಡೆಸಿದೆ. ಮೊದಮೊದಲು ಅಡ್ಡಾದಿಡ್ಡಿ ಉತ್ತರ. ಆಮೇಲೆ ನಿಜ ಬಂತು. ನನಗೆ ಫೋನಿನಲ್ಲಿ ಸರಿಯಾಗಿ ಕೇಳುತ್ತಿಲ್ಲ ಎನ್ನುವುದು ನನಗಿಂತ ಮುಂಚೆ ಅಮ್ಮನಿಗೆ ತಿಳಿದಿತ್ತು. ಊರಲ್ಲಿರುವ ಬಂಧುಗಳಿಗೆಲ್ಲ ಹೇಳಿಬಿಟ್ಟಿದ್ದಳು: ಅವಳು ಏನಂದ್ರೂ ಹ್ಞೂ ಅಂದ್ಬುಡಿ, ಮಗು ನೊಂದ್ಕೊಳ್ಳಾದು ಬ್ಯಾಡ.

"ಬಾಯ್ಮಾತಿಗೆ ಹ್ಞೂ ಅಂದ್ರೆ ನಿಂದೇನ್ ಕಳ್ದೋಯ್ತದೆ?" ಎಂದಳು ಅಮ್ಮ.

"ನಾನೇ ಕಳೆದುಹೋಗ್ತೀನಿ ಅಮ್ಮ. ಎಲ್ಲರೂ ಹ್ಞೂ ಅನ್ನೋದು ಪುಟ್ಟ ಮಕ್ಕಳಿಗೆ, ಇಲ್ಲಾ ಸಾಯೋರಿಗೆ. ನಾನು ಎರಡೂ ಅಲ್ಲ."

ಆಗ ನನಗೆ ಸ್ಪಷ್ಟವಾಯಿತು. ಶಬ್ದ ವಾಪಸ್ ಬಂದರೆ ಸಾಲದು. ನನಗೆ ಎದುರಾಳಿ ವಾಪಸ್ ಬರಬೇಕು.

ಟೇಬಲ್ ಫೋನನ್ನು ಚೀಲಕ್ಕೆ ಹಾಕಿಕೊಂಡು ಕಲ್ಯಾಣದುರ್ಗಕ್ಕೆ ಬಸ್ ಹತ್ತಿದೆ. ಕಂಡಕ್ಟರ್ ಚೀಲದೊಳಗೆ ಇಣುಕಿ, "ಏಂದಮ್ಮಾ, ಎಸ್‌ಟಿಡಿ ಬೂತು ಪೆಡ್ತಾವಾ?" ಎಂದು ತೆಲುಗಿನಲ್ಲಿ ಕೆಣಕಿದ. ಬೂತ್ ಇಡುವವಳ ಗತ್ತಿನಲ್ಲೇ ಟಿಕೆಟ್ ತೆಗೆದುಕೊಂಡೆ.

ತಾತ ಜಗಲಿಯ ಮೇಲೆ ಕಡ್ಲೆಕಾಯಿ ಬಿಡಿಸುತ್ತಾ ಕೂತಿದ್ದ. ಮಾವನೂ ಅತ್ತೆಯೂ ಒಳಗಿದ್ದರು. ನಾನು ಕಾಲು ತೊಳೆಯುವ ಮೊದಲೇ ಶುರು ಮಾಡಿದೆ. "ತಾತ, ಎದುರಾಡದೆ ಯಾಕೆ ಮೋಸ ಮಾಡ್ತಿದೀಯ?"

ತಾತ ತಲೆಯೆತ್ತಲಿಲ್ಲ. "ಅಮ್ಮಿ, ಕೇಳುಸ್ದೇ ಇರೋರ ಹತ್ರ ಎದುರಾಡಿದ್ರೆ ಅದು ವಾದ ಅಲ್ಲ. ಕಣ್ ಕಟ್ಟಿರೋನಿಗೆ ಹೊಡ್ದಂಗೆ. ನಾನು ಒಂದಿನ ಸಿಟ್ಟು ಮಾಡ್ಕಂಡು ಬೈದೆ. ನೀನು ನಗ್ತಾ ಬೇರೆ ಏನೋ ಹೇಳ್ದೆ. ಅವತ್ತಿಂದ ನಂಗೆ ಬಾಯಿ ಬರ್ಲಿಲ್ಲ ಕಣಮ್ಮ."

ಪಕ್ಕದಲ್ಲಿ ಕೂತು ನಾನೂ ಒಂದಷ್ಟು ಕಾಯಿ ಬಿಡಿಸಿದೆ. ಆಮೇಲೆ ಮೊಬೈಲ್ ತೆಗೆದು ಮಾತನ್ನು ಅಕ್ಷರ ಮಾಡುವ ಆಪ್ ತೋರಿಸಿದೆ. ಟೇಬಲ್ ಫೋನಿನ ಸ್ಪೀಕರಿನ ಮುಂದೆ ಮೊಬೈಲ್ ಇಟ್ಟರೆ ಆ ಕಡೆಯವರು ಆಡಿದ್ದು ಪರದೆಯ ಮೇಲೆ ಸಾಲುಸಾಲಾಗಿ ಬರುತ್ತದೆ, ಕಿವಿಗೆ ತಪ್ಪಿದ್ದನ್ನು ಕಣ್ಣು ಹಿಡಿಯುತ್ತದೆ ಎಂದು ವಿವರಿಸಿದೆ. ತಾತ ನಂಬಿದನೇ? ನಾನು ಯಾರ ಮೊಮ್ಮಗಳು!

"ನೀನು ನನ್ ಮೊಖ ನೋಡಿ ಊಹೆ ಮಾಡ್ತೀಯ. ನಾನು ಮಾಳಿಗೆ ಮ್ಯಾಕೆ ಹೋಯ್ತೀನಿ. ಅಲ್ಲಿಂದ ಮಾತಾಡ್ತೀನಿ. ಆಗ ಹೇಳು."

ಮಾವನ ಮೊಬೈಲ್ ಹಿಡಿದು ತಾತ ಮಾಳಿಗೆ ಹತ್ತಿದ. ನಾನು ಕೆಳಗೆ ಟೇಬಲ್ ಫೋನಿನ ಮುಂದೆ. ಅತ್ತೆ ಒಲೆ ಆರಿಸಿ ನೋಡಲು ಬಂದಳು. ಮೊದಲ ಮಾತುಗಳು ಚೆನ್ನಾಗಿ ಬಂದವು: ಅಮ್ಮಿ, ಊಟ ಆಯ್ತಾ, ಬಿಸಿಲು ಜೋರು. ಆಮೇಲೆ ವಾದ ಕಾವೇರಿತು. ಕಾವೇರಿದ ಕೂಡಲೇ ಪರದೆಗೆ ಹುಚ್ಚು ಹಿಡಿಯಿತು. ಒಂದಕ್ಕೊಂದು ಸಂಬಂಧವಿಲ್ಲದ ಕನ್ನಡ ಪದಗಳು, ಅರ್ಧ ಸಾಲು, ಖಾಲಿ ಜಾಗ. ಮೇಲಿನಿಂದ ತಾತ ಗೆದ್ದವನಂತೆ ಕೆಮ್ಮಿದ.

ಅತ್ತೆ ಪರದೆ ನೋಡಿದಳು, ಮಾಳಿಗೆ ನೋಡಿದಳು. "ಅಯ್ಯೋ, ನಿಮ್ ತಾತ ತೆಲುಗಿಗೆ ಹೋಗ್ಬುಟ್ರು ಕಣೇ! ಜಗಳ ಅಂದ್ರೆ ಅವ್ರಿಗೆ ತೆಲುಗೇ ಬರಾದು."

ಹೌದಲ್ಲ! ನಮ್ಮ ಮನೆತನದಲ್ಲಿ ಊಟ, ಮುದ್ದು, ಬಾಣಂತನ ಎಲ್ಲ ಕನ್ನಡ. ಚೌಕಾಸಿ, ಜಗಳ, ಗೆಲುವು ಎಲ್ಲ ತೆಲುಗು. ತಾತ ಎದುರಾಡಲು ಕಲಿತದ್ದು ಮಾರ್ಕೆಟ್ಟಿನಲ್ಲಿ. ನಾವು ಮಾತ್ರ ಯಾರು ಕೇಳಿದರೂ "ನಾವು ಮನೇಲಿ ಕನ್ನಡನೇ ಮಾತಾಡೋದು" ಎನ್ನುತ್ತೇವೆ, ನಂಬಿಕೊಂಡೂ ಇದ್ದೇವೆ. ಅದಕ್ಕೇ ನಾನು ಆಪನ್ನು ಕನ್ನಡಕ್ಕೆ ಹೊಂದಿಸಿ, ಭಾಷೆಯ ಬಗ್ಗೆ ಒಂದು ಕ್ಷಣವೂ ಯೋಚಿಸಿರಲಿಲ್ಲ. ಆ ಬಡಪಾಯಿ ಆಪ್‌ಗೆ ಒಂದು ಸಲಕ್ಕೆ ಒಂದೇ ಭಾಷೆ ಗೊತ್ತು. ಪ್ರೀತಿ ಬರೆಯುತ್ತಿತ್ತು, ಸಿಟ್ಟು ಬಂದ ಕೂಡಲೇ ಕಣ್ಣು ಕತ್ತಲಾಗಿ ಬೀಳುತ್ತಿತ್ತು.

"ತೆಲುಗಿಗೆ ಹಾಕು ಮತ್ತೆ" ಎಂದಳು ಅತ್ತೆ.

"ಆಗ ಪ್ರೀತಿ ಬಿಟ್ಟುಹೋಗುತ್ತಲ್ಲ ಅತ್ತೆ?"

ಅತ್ತೆ ಒಳಗೆ ಹೋಗಿ ತನ್ನ ಮೊಬೈಲ್ ತಂದಳು. ಎಡಕ್ಕೆ ನನ್ನದು ಕನ್ನಡ, ಬಲಕ್ಕೆ ಅತ್ತೆಯದು ತೆಲುಗು, ನಡುವೆ ಟೇಬಲ್ ಫೋನು. ಈಗ ಪ್ರತಿ ಮಾತೂ ಎರಡು ಕಡೆ ಬಂತು, ಒಂದು ಕಡೆ ಅರ್ಥವಾಗಿ, ಇನ್ನೊಂದು ಕಡೆ ಹುಚ್ಚಾಗಿ. ಅರ್ಥ ಇರುವ ಕಡೆಗೆ ಕಣ್ಣು ಹಾರಿಸುವುದಷ್ಟೇ ನನ್ನ ಕೆಲಸ. "ತಾತ, ಇನ್ನೊಂದ್ಸಲ ಹೇಳು" ಎಂದೆ.

ಬಲಗಡೆ ತೆಲುಗು ಅಕ್ಷರಗಳು ಮೂಡಿದವು: ನೀಕೇಂ ತೆಲುಸು, ನೋರು ಮೂಸ್ಕೋ. ನಿನಗೇನು ಗೊತ್ತು, ಬಾಯಿ ಮುಚ್ಚು.

ಬಾಯಿ ಮುಚ್ಚು ಅಂತ ನನಗೆ ಯಾರಾದರೂ ಹೇಳಿ ಎಷ್ಟು ಕಾಲವಾಗಿತ್ತು! ನಾನು ಅತ್ತೆಯನ್ನು ತಬ್ಬಿಕೊಂಡು ಕುಣಿದೆ. "ಮುಚ್ಚಲ್ಲ!" ಎಂದು ಫೋನಿಗೆ ಕಿರುಚಿದೆ. ಆ ಕಿರುಚಾಟ ಫೋನಿಲ್ಲದೆಯೂ ಮಾಳಿಗೆಗೆ ಕೇಳಿಸಿರಬೇಕು. ತಾತ ಧಡಧಡ ಇಳಿದು ಬಂದ. ಎರಡೂ ಪರದೆಗಳನ್ನು ಕಣ್ಣು ಕಿರಿದು ಮಾಡಿ ನೋಡಿದ. ತಾನು ಆಡಿದ ಮಾತು ಅಲ್ಲಿ ಅಚ್ಚಾಗಿ ಕೂತಿತ್ತು. ಅತ್ತೆಯ ಮುಂದೆ ಸ್ವಲ್ಪ ನಾಚಿಕೊಂಡು, "ಇದು ಅಳಿಸೋಯ್ತದಾ?" ಎಂದು ಕೇಳಿದ.

ಅಲ್ಲಿಂದ ಮುಂದಿನ ಭಾನುವಾರಗಳು ಹಬ್ಬ. ಹಿಂದೂಪುರದ ಮನೆಯಲ್ಲಿ ಅಮ್ಮನ ಮೊಬೈಲ್ ತೆಲುಗಿನ ಕಡೆ, ನನ್ನದು ಕನ್ನಡದ ಕಡೆ. ತೊಂದರೆಗಳಿಲ್ಲವೆಂದಲ್ಲ. ಅಕ್ಷರಗಳು ಮಾತಿಗಿಂತ ಸ್ವಲ್ಪ ಹಿಂದೆ ಬರುತ್ತವೆ. ನಾನು ಓದಿ ಮುಗಿಸುವ ತನಕ ಸುಮ್ಮನಿರಬೇಕು. ಮೊದಲೆಲ್ಲ ತಾತನ ಮಾತು ಅರ್ಧದಲ್ಲೇ ಕತ್ತರಿಸುತ್ತಿದ್ದವಳು ನಾನು. ಈಗ ಪೂರ್ತಿ ಓದಿ ಉತ್ತರ ಕೊಡಬೇಕಾಯಿತು. ತಾತ ಆ ಮೌನವನ್ನು ಸೋಲು ಅಂತ ತಿಳಿದು, "ಏನಮ್ಮಿ, ಬಾಯಿ ಬಿದ್ದೋಯ್ತಾ?" ಎಂದು ಹಂಗಿಸುತ್ತಿದ್ದ. ಆ ಮೂದಲಿಕೆಯನ್ನೂ ಓದಲು ಮತ್ತಷ್ಟು ಹೊತ್ತು ಹಿಡಿಯುತ್ತಿತ್ತು.

ಗುಟ್ಟು ಅನ್ನುವುದಂತೂ ನಮ್ಮ ಮನೆಯಿಂದ ಹೊರಟೇಹೋಯಿತು. ತಿರುಗಣೆ ಏರಿಸಿದರೆ ತಾತನ ವಾದ ಗೋಡೆ ದಾಟಿ ಪಕ್ಕದ ಮನೆಯ ರತ್ನಮ್ಮಕ್ಕನಿಗೆ ತಲುಪುತ್ತಿತ್ತು. ಆಕೆ ಹಿತ್ತಲಿನ ಗೋಡೆಯ ಮೇಲೆ ಗಲ್ಲವಿಟ್ಟು, "ನಿಮ್ ತಾತ ಹೇಳಾದೇ ಸರಿ ಕಣಮ್ಮ" ಎಂದು ತೀರ್ಪು ಕೊಡುತ್ತಿದ್ದಳು. ಪಕ್ಷಪಾತಿ. ನನ್ನ ಪರವಾಗಿ ಒಂದು ದಿನವೂ ಮಾತಾಡಿದವಳಲ್ಲ. ಆಕೆಗೆ ನಾನು ಋಣಿ.

ಹೀಗಿರುವಾಗ ಚಿಲಮತ್ತೂರಿನ ಒಂದು ಶಾಲೆಯವರು ಮಕ್ಕಳಿಗೆ ಚರ್ಚಾಸ್ಪರ್ಧೆ ಕಲಿಸುವ ಟೀಚರು ಬೇಕೆಂದರು. ನನಗಾಗಿಯೇ ಹುಟ್ಟಿದ ಕೆಲಸ. ಅರ್ಜಿ ಹಾಕಿದೆ. ಅವರಿಂದ ಮೆಸೇಜು ಬಂತು: ಮೊದಲು ಫೋನಿನಲ್ಲಿ ಇಂಟರ್‌ವ್ಯೂ.

ನಾನು ಆ ಭಾನುವಾರ ತಾತನ ಮುಂದೆ ನನ್ನ ನಿಲುವು ಮಂಡಿಸಿದೆ. ಅಪ್ಪನಿಂದ ಫೋನ್ ಮಾಡಿಸಿ, ಹುಡುಗಿಗೆ ಗಂಟಲು ಕಟ್ಟಿದೆ, ನೇರವಾಗಿ ಬರುತ್ತಾಳೆ ಅನ್ನಿಸುವುದು. ಎದುರು ಕೂತರೆ ನಾನು ಸಮರ್ಥಳು. ಫೋನಿನಲ್ಲಿ ಕಿವಿಯ ವಿಷಯ ಹೇಳಿದರೆ ಅಲ್ಲೇ ಬೇಡ ಅಂದುಬಿಡುತ್ತಾರೆ. ಜನರ ಪೂರ್ವಾಗ್ರಹಕ್ಕೆ ಅವಕಾಶ ಕೊಡದಿರುವುದು ಜಾಣತನ. ಮೂರು ಕಡೆಯಿಂದ ಬೇಲಿ ಕಟ್ಟಿದ ವಾದ. ರತ್ನಮ್ಮಕ್ಕ ಕೂಡ ಗೋಡೆಯ ಆಚೆ ಸುಮ್ಮನಿದ್ದಳು.

ಆಮೇಲೆ ಎಡಗಡೆಯ ಪರದೆಯಲ್ಲಿ, ಕನ್ನಡದಲ್ಲಿ, ನಿಧಾನವಾಗಿ ಸಾಲುಗಳು ಬಂದವು. ಸಿಟ್ಟಿನ ವಾದಕ್ಕೆ ತಾತ ಕನ್ನಡ ಬಳಸಿದ್ದನ್ನು ನಾನು ಕಂಡದ್ದು ಅದೇ ಮೊದಲು.

"ಅಮ್ಮಿ, ಬಸ್ ಹತ್ಕಂಡು ಬಂದು ನನ್ ಹತ್ರ ಏನ್ ಕೇಳ್ದೆ ನೀನು? ನಂಗೆ ಇಲ್ಲ ಅನ್ನು ತಾತ ಅಂದೆ. ಹ್ಞೂ ಅನ್ನೋರು ನಂಗೆ ಬ್ಯಾಡ ಅಂದೆ. ಈಗ ಯಾರೋ ಇಲ್ಲ ಅಂದಾರು ಅಂತ ಅಪ್ಪನ್ನ ಮುಂದಕ್ಕೆ ಬಿಡ್ತೀಯ. ನಮ್ 'ಇಲ್ಲ' ಮಾತ್ರ ಬೇಕು, ಊರೋರ 'ಇಲ್ಲ' ಬ್ಯಾಡ್ವಾ?"

ನಾನು ಓದಿದೆ. ಇನ್ನೊಮ್ಮೆ ಓದಿದೆ. ಉತ್ತರ ಹುಡುಕಿದೆ. ಪರದೆ ಕಾಯುತ್ತಿತ್ತು. ಅಕ್ಷರ ತಡವಾಗಿ ಬಂದದ್ದಕ್ಕಲ್ಲ ಈ ಮೌನ, ನಿಜವಾಗಲೂ ಬಾಯಿ ಬಿದ್ದುಹೋಗಿತ್ತು. ಗೋಡೆಯ ಆಚೆಯಿಂದ ರತ್ನಮ್ಮಕ್ಕ, "ಸೋತ್ಲು!" ಎಂದು ತನ್ನ ಗಂಡನಿಗೆ ಕೂಗಿ ಹೇಳಿದ್ದು ಯಂತ್ರವಿಲ್ಲದೆಯೇ ಕೇಳಿಸಿತು.

ಇಂಟರ್‌ವ್ಯೂಗೆ ನಾನೇ ಫೋನ್ ಎತ್ತಿದೆ. ಪ್ರಿನ್ಸಿಪಾಲ್ ಮೇಡಂಗೆ ಮೊದಲ ವಾಕ್ಯದಲ್ಲೇ ಹೇಳಿದೆ: ನನಗೆ ಕಿವಿ ಕೇಳುವುದು ಕಡಿಮೆ, ನಿಮ್ಮ ಮಾತನ್ನು ಪರದೆಯ ಮೇಲೆ ಓದಿ ಉತ್ತರ ಕೊಡುತ್ತೇನೆ, ನಡುವೆ ಸ್ವಲ್ಪ ತಡವಾದರೆ ಯೋಚಿಸುತ್ತಿದ್ದೇನೆ ಅಂದುಕೊಳ್ಳಿ.

"ನಾನು ನಿಧಾನಕ್ಕೆ ಮಾತಾಡ್ಲಾ?" ಎಂದು ತೆಲುಗಿನಲ್ಲಿ ಬಂತು.

"ನಿಧಾನ ಬೇಡ ಮೇಡಂ. ಒಬ್ಬೊಬ್ಬರಾಗಿ ಮಾತಾಡಿ, ಸಾಕು. ಮತ್ತೆ ಭಾಷೆ ಬದಲಾಯಿಸುವಾಗ ಒಂದು ಮಾತು ಹೇಳಿ."

ಆಕೆ ನಕ್ಕದ್ದು ಅಕ್ಷರವಾಗಲಿಲ್ಲ, ಆದರೆ ತಿರುಗಣೆ ಪೂರ್ತಿ ಏರಿಸಿದ್ದರಿಂದ ಕಿವಿಗೇ ಬಂತು. ಆಮೇಲೆ ಪ್ರಶ್ನೆ ಮೇಲೆ ಪ್ರಶ್ನೆ. ಒಂದರಲ್ಲೂ ಕರುಣೆ ಇರಲಿಲ್ಲ. ಚರ್ಚಾಸ್ಪರ್ಧೆ ಮಕ್ಕಳಿಗೆ ಜಗಳ ಕಲಿಸುವುದಿಲ್ಲವೇ ಎಂದು ಕೇಳಿದಳು. ಇಲ್ಲವೆಂದು ಸಾಧಿಸಲು ಜಗಳವನ್ನೇ ಆಡಿದೆ. ಈಗ ನಾನು ಆ ಶಾಲೆಯಲ್ಲಿ ಇದ್ದೇನೆ. ಹಿಂದಿನ ಬೆಂಚಿನ ಮಕ್ಕಳು ಎದ್ದು ನಿಂತು, ಮುಖ ತೋರಿಸಿ ನನಗೆ ಎದುರಾಡುತ್ತಾರೆ. ಅದು ತರಗತಿಯ ಕಾನೂನು.

ನನ್ನ ಹಾಗೆ ಫೋನು ಎತ್ತಲು ಹೆದರುವವರು ಇದನ್ನು ಓದುತ್ತಿದ್ದರೆ ಹೇಳುವುದು ಇಷ್ಟೇ: ಯಂತ್ರ ತನ್ನಿ, ತಿರುಗಣೆ ಏರಿಸಿ, ಅಕ್ಷರ ಓದಿ, ಎಲ್ಲ ಸರಿ. ಆದರೆ ಆ ಕಡೆ ಇರುವವರು ಹ್ಞೂ ಹ್ಞೂ ಅನ್ನುತ್ತಿದ್ದರೆ ಒಂದು ಸಲ ಪರೀಕ್ಷೆ ಮಾಡಿ ನೋಡಿ.

ಕೆಲಸ ಸಿಕ್ಕಿದ ದಿನ ತಾತನಿಗೆ ಫೋನ್ ಮಾಡಿದೆ. "ತಾತ, ನೀನು ಹೇಳಿದ್ದೇ ಸರಿ. ನಾನು ಸೋತೆ."

ಸಂತೋಷಪಡುತ್ತಾನೆ ಅಂದುಕೊಂಡಿದ್ದೆ. ಉತ್ತರ ಬಂತು, ತಿರುಗಣೆ ಪೂರ್ತಿ ಏರಿಸಿದಷ್ಟು ಜೋರಾದ ಅನುಮಾನದಿಂದ:

"ನಿಜವಾಗ್ಲೂ ಒಪ್ಕಂಡ್ಯಾ, ಇಲ್ಲಾ ಮುದುಕ ಅಂತ ಹ್ಞೂ ಅಂತಿದೀಯಾ?"

ನಾನು ತಡಮಾಡಲಿಲ್ಲ. "ಪೂರ್ತಿ ಒಪ್ಪಿಲ್ಲ ತಾತ. ನಿನ್ನ ವಾದದಲ್ಲಿ ಒಂದು ತೂತಿದೆ."

"ಹಂಗನ್ನು!" ಎಂದ ತಾತ. "ತಡಿ, ಕುರ್ಚಿ ಎಳ್ಕಂಡು ಕುಂತ್ಕತೀನಿ."